ವಕೀಲರ ತೋಳಿನ ಅಳತೆ

ನನ್ನ ಗಂಡ ನಮ್ಮ ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಗಿರಾಕಿಗಳ ಅಳತೆಯನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡವರು. ಬರೆದಿಟ್ಟುಕೊಳ್ಳಿ ಎಂದರೆ ಉರಿದುಬೀಳುತ್ತಿದ್ದರು. ಈಗ ಆ ತಲೆಯೇ ಕೈಕೊಡತೊಡಗಿತ್ತು. ಕತ್ತರಿ ಕಿತ್ತುಕೊಂಡರೆ ಈ ಮನುಷ್ಯ ಉಳಿಯುವುದಿಲ್ಲವೆಂದು ನನಗೆ ಭಯ. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಅವರಿಗೇನು, ಚೆಲ್ಲುತ್ತಾರೆ.

ನನ್ನ ತಮ್ಮ ಜ್ಞಾಪಕಶಕ್ತಿಗೆಂದು ಕೆಂಪು ಮಾತ್ರೆ ತಂದುಕೊಟ್ಟ. ಔಷಧಿ ಅಂಗಡಿಯವನು ಹಸಿರು ಡಬ್ಬಿಯ ಪುಡಿಯೇ ಮೇಲು ಎಂದು ಆಣೆ ಹಾಕಿದ. ಎರಡರ ಮೇಲೂ ಅದೇ ಮೆದುಳಿನ ಚಿತ್ರ, ಅದೇ ಭರವಸೆ. ಯಾರ ಮಾತನ್ನೂ ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ. ಮೊದಲು ಹಸಿರು, ಅದು ಮುಗಿದ ಮೇಲೆ ಕೆಂಪು ಕೊಟ್ಟು ನಾನೇ ಪರೀಕ್ಷೆ ಮಾಡಿದೆ. ದಿನಾ ಬೆಳಿಗ್ಗೆ ನಮ್ಮ ಹಳೇ ಗಿರಾಕಿ ವಕೀಲರೊಬ್ಬರ ಬಗ್ಗೆ ಅದೇ ಪ್ರಶ್ನೆ.

"ವಕೀಲರ ಕೋಟಿಗೆ ತೋಳೆಷ್ಟು, ಎದೆಯೆಷ್ಟು?"

ಹಸಿರು ಡಬ್ಬಿ ತಳ ಕಾಣುವವರೆಗೂ ಅವರು ತಡವರಿಸಿದರು. "ಇಪ್ಪತ್ನಾಲ್ಕು, ನಲವತ್ತೆರಡು ಕಣ್ರೀ" ಎಂದು ನಾನೇ ಹೇಳಿಕೊಡುತ್ತಿದ್ದೆ. ಕೆಂಪು ಮಾತ್ರೆ ಶುರುವಾದ ಕೆಲವೇ ದಿನಕ್ಕೆ ಉತ್ತರ ಪಟಪಟನೆ ಬಂತು. ಖುಷಿಯಿಂದ ಅತ್ತುಬಿಟ್ಟೆ. ಔಷಧಿ ಅಂಗಡಿಯವನಿಗೆ ಹಿಡಿಶಾಪ ಹಾಕಿ, ಹೊಲಿಯಲು ಬಂದಿದ್ದ ಬಟ್ಟೆಗಳನ್ನು ಮೇಜಿನ ಮೇಲಿಟ್ಟು, ಕತ್ತರಿಯನ್ನು ಅವರ ಕೈಗೆ ಕೊಟ್ಟು ಗುಂಡಿ ತರಲು ಹೋದೆ.

ವಾಪಸ್ ಬರುವಷ್ಟರಲ್ಲಿ ಎಲ್ಲ ಕತ್ತರಿಸಿಯಾಗಿತ್ತು. ಡೊಳ್ಳುಹೊಟ್ಟೆಯ ಬೇಕರಿಯವನ ಬಟ್ಟೆ, ಕಡ್ಡಿಪೈಲ್ವಾನ್ ಮೇಷ್ಟ್ರದು, ಶಾಲೆಗೆ ಹೋಗುವ ಹುಡುಗಿಯದು, ಮೂರೂ ಒಂದೇ ಅಳತೆ. ಕತ್ತರಿ ಹಾಕಿದ ಅಂಚು ಮಾತ್ರ ಎಲ್ಲೂ ಸೊಟ್ಟಗಿರಲಿಲ್ಲ.

"ಏನ್ರೀ ಇದು!"

"ಎಲ್ಲಾ ವಕೀಲರದ್ದು ತಾನೇ? ದಿನಾ ಅವರದ್ದನ್ನೇ ಕೇಳ್ತಿದ್ದೆಯಲ್ಲೇ" ಎಂದರು, ಶಹಬ್ಬಾಸ್ ಎನ್ನುತ್ತೇನೆಂದು ಕಾಯುತ್ತಾ.

ಕೆಲಸ ಮಾಡಿದ್ದು ಕೆಂಪೂ ಅಲ್ಲ, ಹಸಿರೂ ಅಲ್ಲ. ಇಷ್ಟು ದಿನ ನಾನು ಗಿಣಿಪಾಠ ಹೇಳಿಕೊಟ್ಟಿದ್ದೆ, ಅಷ್ಟೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಮಾತ್ರೆಗೆ ಅಂಗೈ ಚಾಚಿದರು. ನಾನು ಕೊಡಲಿಲ್ಲ. ಮದುವೆಯಾದಂದಿನಿಂದ ನನ್ನ ಬಟ್ಟೆಗಳನ್ನೆಲ್ಲ ಹೊಲಿದದ್ದು ಇವರೇ. ಒಮ್ಮೆಯೂ ಟೇಪು ಹಿಡಿದವರಲ್ಲ.

"ನನ್ನ ತೋಳೆಷ್ಟು, ಹೇಳಿ ನೋಡೋಣ."

ಅವರು ಕೊರಳಿನ ಟೇಪು ತೆಗೆದು, ಗಿರಾಕಿಗಳೆದುರು ನಗುವ ಹಾಗೆ ನಕ್ಕರು.

"ಹೊಸಬರು ಅಲ್ವಾ ಅಮ್ಮಾ? ಒಂದ್ಸಲ ಅಳತೆ ಕೊಟ್ಬಿಡಿ, ಆಮೇಲೆ ನಾನು ಮರೆಯೋದೇ ಇಲ್ಲ."

ನಾನು ತೋಳು ಚಾಚಿ ನಿಂತೆ.