ಗುಳಿಗೆ ಯಾರದು, ಪರೀಕ್ಷೆ ಯಾರದು?

ಸವಡಿಯ ಸಿದ್ದಲಿಂಗವ್ವನಿಗೆ ಮೊಣಕಾಲು ನೋವು ಹೊಸದಲ್ಲ. ಹೆಸರುಕಾಯಿ ಬಿಡಿಸುವ ಕಾಲಕ್ಕೆ ಬದುವಿನ ಮೇಲೆ ಕುಳಿತು ಬೇರೆಯವರು ದುಡಿಯುವುದನ್ನು ನೋಡುವಂತಾಗಿತ್ತು. ರೋಣದಲ್ಲಿ ಡಾಕ್ಟರ್ ಸಂಗನಬಸವ ಅವರು ಸರ್ಕಾರದ ಹಣದಲ್ಲಿ ಮೊಣಕಾಲು ನೋವಿನ ಹೊಸ ಗುಳಿಗೆಯ ಮೇಲೆ ಸಂಶೋಧನೆ ನಡೆಸುತ್ತಾರೆಂದು ಸುದ್ದಿ ಬಂದಾಗ, ಗಂಡ ದ್ಯಾಮಪ್ಪನೇ ಕರೆದೊಯ್ದು ಅವಳ ಹೆಸರು ಬರೆಸಿದ. ಆ ಡಾಕ್ಟರೆಂದರೆ ದ್ಯಾಮಪ್ಪನಿಗೆ ದೇವರು. ಹಿಂದೆ ಹಾವು ಕಚ್ಚಿದಾಗ ಅವನ ಜೀವ ಉಳಿಸಿದ್ದು ಅವರೇ.

ಮೊದಮೊದಲು ನೋವು ಇಳಿಯಿತು. ಸಿದ್ದಲಿಂಗವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಆಮೇಲೆ ಹೊಟ್ಟೆ ಉರಿ ಶುರುವಾಯಿತು. ನಿಂತರೆ ಕಣ್ಣಿಗೆ ಕತ್ತಲೆ. ಬಯಲಕಡೆ ಹೋದರೆ ಡಾಂಬರಿನಂತೆ ಕಪ್ಪಗೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದಳು.

"ಬಿಸಲ ಭಾಳ ಐತಿ ತಾಯಿ, ಉಷ್ಣ ಆಗೇತಿ. ಮಜ್ಜಿಗಿ ಕುಡಿ. ಗುಳಿಗಿ ಮಾತ್ರ ಬಿಡಬ್ಯಾಡ" ಎಂದರು ಅವರು. ಬರೆದುಕೊಳ್ಳಲೂ ಇಲ್ಲ.

ಪಕ್ಕದಲ್ಲಿ ಅಬ್ಬಿಗೇರಿಯ ಮಾಳವ್ವ ಕುಳಿತಿದ್ದಳು. ಅವಳೂ ಅದೇ ಗುಳಿಗೆ ನುಂಗುತ್ತಿದ್ದವಳು. ಹೊರಗೆ ಬಂದಾಗ ಮೆಲ್ಲಗೆ ಅಂದಳು: "ನಂಗೂ ಹಂಗ ಆಗಾಕತ್ತೇತಿ. ಹೇಳಿದ್ರ ಅವ್ರು ಸಿಟ್ಟಾಗ್ತಾರೇನೋ ಅಂತ ಸುಮ್ನದೀನಿ."

ಮುಂದಿನ ಸಲ ಹೋದಾಗ ಮಾಳವ್ವ ಇರಲಿಲ್ಲ. ಸಿದ್ದಲಿಂಗವ್ವ ವಿಚಾರಿಸಿದಳು.

"ಆಕಿ ಬಿಟ್ಟ ಹೋದ್ಲು, ಬರೂದಿಲ್ಲ" ಎಂದರು ಡಾಕ್ಟರು, ತಲೆ ಎತ್ತದೆ.

ಬಸ್ ನಿಲ್ದಾಣದಲ್ಲಿ ಅಬ್ಬಿಗೇರಿಯ ಹೆಂಗಸೊಬ್ಬಳು ನಿಜ ಹೇಳಿದಳು. ಮಾಳವ್ವ ರಕ್ತ ಕಾರಿಕೊಂಡು, ಗದಗಿಗೆ ಒಯ್ಯುವ ದಾರಿಯಲ್ಲೇ ಜೀವ ಬಿಟ್ಟಿದ್ದಳು. ಸತ್ತವಳನ್ನು ಡಾಕ್ಟರು 'ಬಿಟ್ಟು ಹೋದವಳು' ಅಂದರಲ್ಲ!

ಮನೆಗೆ ಬಂದು ಅಳುತ್ತ ಎಲ್ಲ ಹೇಳಿದಳು. ನೆರೆಮನೆಯ ಜಬೀನ ಅಕ್ಕೋರು ಓಡಿಬಂದರು. ನಿವೃತ್ತ ಶಿಕ್ಷಕಿಯಾದ ಅವರು, ಇಂಥ ಸಂಶೋಧನೆಗಳ ಮೇಲೆ ಕಣ್ಣಿಡುವ ನೈತಿಕ ಸಮಿತಿಯಲ್ಲಿ ಜನರ ಪರವಾಗಿ ಕೂರುವ ಸದಸ್ಯೆ.

"ಮೊದಲ ಗುಳಿಗಿ ಬಂದ್ ಮಾಡು. ಲಗೂ ಗದಗ ದವಾಖಾನಿಗೆ ನಡಿ" ಎಂದರು.

ದ್ಯಾಮಪ್ಪ ಸಿಡುಕಿದ. "ಹಂಗ ನಡುವ ಬಿಟ್ರ ಡಾಕ್ಟರು ಏನ್ ತಿಳ್ಕೋತಾರ್ರಿ ಅಕ್ಕೋರ? ನನ್ನ ಜೀವಾ ಉಳಿಸಿದಾವ್ರು ಅವ್ರು. ಮತ್ತ ಆ ಗುಳಿಗಿ ಎಲ್ಲಿಂದೋ ತಂದದ್ದಲ್ಲ. ಹುಬ್ಬಳ್ಯಾಗ ಅವ್ರ ಹೆಣ್ತಿ ಹೆಸರಿನ್ಯಾಗ ಕಾರ್ಖಾನಿ ಐತಿ, ಅಲ್ಲೇ ತಯಾರಾಗ್ತಾವು. ಅದನ್ನ ಚಾಲೂ ಮಾಡೂ ಪೂಜಿಗೆ ನಾನ ಹೋಗಿದ್ದೆ. ತಮ್ಮ ಮನೀ ಮಾಲು, ಕೆಟ್ಟದ್ದ ಕೊಡ್ತಾರೇನು?"

ಜಬೀನ ಅಕ್ಕೋರು ಅಲ್ಲೇ ಕುಳಿತುಬಿಟ್ಟರು.

"ಏನಂದ್ರಿ ದ್ಯಾಮಣ್ಣ? ಅವ್ರದ ಕಾರ್ಖಾನಿನಾ? ಸಮಿತಿ ಮುಂದ ಈ ಮಾತು ಅವ್ರು ಹೇಳೇ ಇಲ್ಲ."

"ಹೇಳಲಿಲ್ಲಂದ್ರ ಏನಾತ್ರಿ?"

"ನೀವು ಉಳ್ಳಾಗಡ್ಡಿ ವ್ಯಾಪಾರ ಮಾಡಾವ್ರು. ತೂಗಾಂವ, ಕೊಳ್ಳಾಂವ ಇಬ್ರೂ ಒಬ್ಬನ ಆದ್ರ ಆ ತಕ್ಕಡಿ ನಂಬ್ತೀರೇನು? ಗುಳಿಗಿ ಮಾರಾವ್ರು ಅವ್ರ, ಚಲೋ ಐತೋ ಇಲ್ಲೋ ಅಂತ ಹೇಳಾವ್ರೂ ಅವ್ರ. ಮಾಳವ್ವ ಸತ್ತದ್ದು ಬರದ್ರ ಗುಳಿಗಿ ಪ್ಯಾಟಿಗೆ ಬರೂದಿಲ್ಲ. ಈಗ ತಿಳೀತೇನ್ರಿ?"

ಬಿಳಿಚಿಕೊಂಡಿದ್ದ ಹೆಂಡತಿಯ ಮುಖವನ್ನೇ ದ್ಯಾಮಪ್ಪ ನೋಡಿದ. ಆಮೇಲೆ ಗಾಡಿ ತರಲು ಎದ್ದ.

ಗದಗಿನಲ್ಲಿ ಅವಳಿಗೆ ರಕ್ತ ಏರಿಸಿದರು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಅಷ್ಟರಲ್ಲಿ ಜಬೀನ ಅಕ್ಕೋರು ಸಮಿತಿಗೆ ವಿಷಯ ಮುಟ್ಟಿಸಿದ್ದರು; ಸಿದ್ದಲಿಂಗವ್ವ ಚೇತರಿಸಿಕೊಂಡ ಮೇಲೆ ಅದರ ಮುಂದೆ ಹೋಗುವ ದಿನ ಬಂತು. "ಅಕ್ಕೋರ, ಒಳಗ ನೀವ ಇರ್ತೀರಲ್ಲ, ನಮ್ಮ ಪರ ಹೇಳಿಬಿಡ್ರಿ" ಎಂದ ದ್ಯಾಮಪ್ಪ.

"ಇಲ್ಲ ದ್ಯಾಮಣ್ಣ. ನೀವು ನನ್ನ ನೆರಮನಿಯವ್ರು. ನನ್ನ ಮನಸ್ಸು ನಿಮ್ಮ ಕಡೀನ ವಾಲತೈತಿ. ಅದನ್ನ ಸಮಿತಿಗೆ ಹೇಳೀನಿ. ಇವತ್ತ ನಾ ಹೊರಗ ಕೂಡಾಕಿ. ಡಾಕ್ಟರೂ ಹಿಂಗ ಮಾಡಬೇಕಾಗಿತ್ತು."

ಅವರು ಹೊರಗಿನ ಬೆಂಚಿನ ಮೇಲೆ ಕುಳಿತರು. ಸಿದ್ದಲಿಂಗವ್ವ ಗಂಡನೊಡನೆ ಒಳಗೆ ಹೋದಳು. ಮೊದಲು ಮಾಳವ್ವನ ಹೆಸರು ಹೇಳಿದಳು, ಆಮೇಲೆ ತನ್ನದು.

ಸಮಿತಿ ಕರೆಸಿದ್ದ ಡಾಕ್ಟರು ತಲೆ ತಗ್ಗಿಸಿದ್ದರು. "ಗುಳಿಗಿ ಚಲೋ ಐತಿ ಅಂತ ನಾ ಖರೇನ ನಂಬಿದ್ದೆ" ಎಂದರು.

"ನಂಬಿದ್ರಿ, ಖರೇ. ಅದಕ್ಕ ನಮ್ಮ ನೋವು ನಿಮಗ ಕಾಣಲಿಲ್ರಿ" ಎಂದಳು ಸಿದ್ದಲಿಂಗವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದ್ಯಾಮಪ್ಪ ಕಣ್ಣೊರೆಸಿಕೊಂಡ.

ಸಂಶೋಧನೆ ನಿಂತಿತು. ಗುಳಿಗೆ ತಿಂದವರನ್ನೆಲ್ಲ ಕರೆಸಿ ಪರೀಕ್ಷೆ ಮಾಡಿಸಿದರು. ಶಿರೋಳದ ಇನ್ನೂ ಒಬ್ಬಳ ಹೊಟ್ಟೆಯಲ್ಲಿ ಹುಣ್ಣು ಸಿಕ್ಕಿ, ಸಮಯಕ್ಕೆ ಚಿಕಿತ್ಸೆಯಾಯಿತು. ಡಾಕ್ಟರರ ಮೇಲೆ ವಿಚಾರಣೆ ನಡೆಯಿತು. ಮಾಳವ್ವನ ಮನೆಯವರಿಗೆ ಅವಳು ಹೇಗೆ ಸತ್ತಳೆಂಬ ಸತ್ಯ ತಿಳಿಯಿತು. ಆದರೆ ಮಾಳವ್ವ ತಿರುಗಿ ಬರಲಿಲ್ಲ.

ಓದುವ, ಕೇಳುವ ತಾಯಂದಿರೇ, ಅಣ್ಣತಮ್ಮಂದಿರೇ, ಸಂಶೋಧನೆಗೆ ಹೆದರಬೇಡಿ. ನಾವಿಂದು ನುಂಗುವ ಒಳ್ಳೆಯ ಔಷಧಗಳೂ ಹೀಗೇ ಪರೀಕ್ಷೆಯಾಗಿ ಬಂದವು. ಆದರೆ ಹೆಸರು ಕೊಡುವ ಮೊದಲು ಕೇಳಿ: ಈ ಔಷಧ ಯಾರದು? ಇದರಿಂದ ಯಾರಿಗೆ ಲಾಭ? ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ನೈತಿಕ ಸಮಿತಿಯ ನಂಬರ್ ಪಡೆದುಕೊಳ್ಳಿ. ಬೇಡವೆನಿಸಿದ ದಿನ ಬಿಟ್ಟು ಬರುವುದು ನಿಮ್ಮ ಹಕ್ಕು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವಂತಿಲ್ಲ. ಸಂಶೋಧನೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಯೂ ನಿಮ್ಮ ಹಕ್ಕೇ.

ಡಾಕ್ಟರರೇ, ಸಂಶೋಧಕರೇ, ಸಂಬಂಧವಿದ್ದರೆ ಮೊದಲೇ ಹೇಳಿ, ದೂರ ಸರಿಯಿರಿ. ಇದು ಜನರ ದುಡ್ಡು, ಜನರ ಜೀವ.

ಮೈಯಲ್ಲಿ ಏನೇ ಬದಲಾದರೂ ಮುಚ್ಚಿಡಬೇಡಿ. ನೀವು ಇಂದು ಆಡುವ ಒಂದು ಮಾತು ನಾಳೆ ನಿಮಗೆ ಗುರುತೇ ಇಲ್ಲದ ಯಾರದೋ ತಾಯಿಯನ್ನು ಉಳಿಸೀತು.