ಬಾಯಲ್ಲಿನ ‘ಅಬೀದ್’ ಬಿಡೋಣ

“ಇಷ್ಟು ವರ್ಷ ಇಲ್ಲದ್ದು, ಈಗ ಹೆಂಗಪ್ಪಾ ನಾವು ಇವರಿಗೆ ಒಡಹುಟ್ಟಿದವರಾದ್ವಿ?”

ಕಪ್ಪು ಜನರ ಚರ್ಚಿನ ಹಿರಿಯಳು ಅರ್ನೆಸ್ಟೀನ್ ಇದನ್ನು ಯಾರನ್ನೂ ಉದ್ದೇಶಿಸಿ ಹೇಳಲಿಲ್ಲ. ಶಿಕಾಗೋದ ನಮ್ಮ ಬೀದಿಯ ಮೂಲೆಯಂಗಡಿಯ ಬಾಗಿಲಿಗೆ ಅಂಟಿಸಿದ್ದ ಪೋಸ್ಟರಿನ ಮುಂದೆ ನಿಂತು ಗಟ್ಟಿಯಾಗಿ ಕೇಳಿದಳು. ‘ಕಪ್ಪು ಜನರ ನೋವೂ ಪ್ಯಾಲೆಸ್ತೀನಿಯರ ನೋವೂ ಒಂದೇ. ಮುಂದಿನ ಶನಿವಾರ ಜೊತೆಯಾಗಿ ನಡೆಯೋಣ’ ಎಂದು ಅದರಲ್ಲಿ ಬರೆದಿತ್ತು.

ಅಂಗಡಿಯವನು ನಾಯಿಫ್, ಪ್ಯಾಲೆಸ್ತೀನಿನವನು. ಪೋಸ್ಟರ್ ಅಂಟಿಸಿದವಳು ಅವನ ಅಕ್ಕ ವಿಸಾಲ್. ಅವಳ ಮಗನನ್ನು ಪ್ಯಾಲೆಸ್ತೀನಿನ ಹೆಬ್ರಾನ್ ಊರಿನ ಮನೆಯಿಂದ ಇಸ್ರೇಲಿ ಸೈನಿಕರು ಎಳೆದೊಯ್ದಿದ್ದು ಬೀದಿಗೆಲ್ಲ ಗೊತ್ತು. ವಿಚಾರಣೆಯೂ ಇಲ್ಲದೆ ಸೆರೆಯಲ್ಲಿದ್ದಾನೆ. ನಾಲ್ಕು ಜನ ಬೀದಿಗಿಳಿದು ಕೇಳಿದರೆ ಬಿಟ್ಟಾರು ಎಂಬುದೊಂದೇ ಅವಳ ಆಸೆ. ಅರ್ನೆಸ್ಟೀನ್ ಹೂಂ ಅಂದರೆ ಚರ್ಚಿಗೆ ಚರ್ಚೇ ಹಿಂದೆ ಬರುತ್ತದೆ.

“ಬನ್ನಿ ಮಿಸ್ ಅರ್ನೆಸ್ಟೀನ್, ಒಳಗೆ ಬನ್ನಿ,” ವಿಸಾಲ್ ಕರೆದಳು. “ಶನಿವಾರ ನಿಮ್ಮವರನ್ನ ಕರ್ಕೊಂಡು ಬರ್ತೀರಲ್ವಾ?”

“ಯಾಕಮ್ಮಾ ಬರ್ಬೇಕು?”

“ಅವತ್ತು ಫರ್ಗ್ಯುಸನ್ ಊರಲ್ಲಿ ಕಪ್ಪು ಹುಡುಗನ್ನ ಕೊಂದದ್ದಕ್ಕೆ ಬೀದಿಗಿಳಿದ ನಿಮ್ಮ ಹುಡುಗರ ಮೇಲೆ ಪೊಲೀಸರು ಅಶ್ರುವಾಯು ಬಿಟ್ಟಾಗ, ನಮ್ಮ ಹುಡುಗರು ಪ್ಯಾಲೆಸ್ತೀನಿಂದ್ಲೇ ಬರೆದಿದ್ರು. ಕಣ್ಣುಜ್ಜಬೇಡಿ, ಗಾಳಿಗೆ ಎದುರಾಗಿ ಓಡಿ ಅಂತ. ತಾವು ದಿನಾ ಉಣ್ಣೋ ಕಷ್ಟಾನ ಹೇಳ್ಕೊಟ್ಟಿದ್ರು.”

“ಆ ಹುಡುಗರನ್ನ ದೇವರು ಚೆನ್ನಾಗಿಟ್ಟಿರ್ಲಿ. ಅವರು ಅಲ್ಲಿದ್ದಾರೆ. ನಾನು ಹಾಲು ಬ್ರೆಡ್ಡು ತಗೊಳ್ಳೋದು ಇಲ್ಲಿ.” ಅರ್ನೆಸ್ಟೀನ್ ನಾಯಿಫ್ ಕಡೆ ತಿರುಗಿದಳು. “ಏನಪ್ಪಾ, ನಾನು ಒಳಗೆ ಬಂದಾಗೆಲ್ಲ ನಿನ್ನ ಕೆಲಸದವನ ಕಡೆ ನೋಡಿ ‘ಅಬೀದ್’ ಅಂತೀಯಲ್ಲ, ಅದು ನಮಸ್ಕಾರಾನಾ?”

ಸಿಗರೇಟು ಪ್ಯಾಕು ಜೋಡಿಸುತ್ತಿದ್ದ ನಾಯಿಫ್‌ನ ಕೈ ನಿಂತಿತು.

“ನಾನು ಹಂಗೇ ತಿಳ್ಕೊಂಡಿದ್ದೆ ಮಗಾ. ಎಷ್ಟೋ ವರ್ಷ ನಾನೂ ತಿರುಗಿ ‘ಅಬೀದ್’ ಅಂದೆ. ನೀವಿಬ್ರೂ ನಗ್ತಿದ್ರಿ. ಎಷ್ಟು ನಗುಮುಖದ ಜನ ಅಂದ್ಕೊಂಡೆ! ಮೊನ್ನೆ ಪಕ್ಕದ್ಮನೆ ಜಮೀಲಾಗೂ ಅದೇ ನಮಸ್ಕಾರ ಹೇಳ್ದೆ. ಅವಳು ಅರಬ್ಬೀ ಕಲಿತು ಕುರಾನ್ ಓದೋಳು. ಮುಖ ಬಾಡಿಹೋಯ್ತು. ‘ಅಕ್ಕಾ, ಅಂದ್ರೆ ಗುಲಾಮರು’ ಅಂದ್ಳು.”

ನಾಯಿಫ್ ಕೈಯಲ್ಲಿದ್ದ ಪ್ಯಾಕನ್ನು ಗಲ್ಲಾ ಮೇಲಿಟ್ಟ.

“ಅದು... ರೂಢಿ ಅಷ್ಟೇ,” ಎಂದು ತೊದಲಿದ. “ನಮ್ಮಪ್ಪನ ಹೆಸರೇ ಅಬ್ದುಲ್ ರಹಮಾನ್. ಅದರಲ್ಲಿರೋ ‘ಅಬ್ದ್’ ಕೂಡ ಅದೇ ಮಾತು!”

“ಅಪ್ಪ ದೇವರ ದಾಸ ಕಣೋ! ಇವರೇನು ನಿನ್ನ ತೊತ್ತಾ?” ವಿಸಾಲ್ ಸಿಡಿದಳು. “ನಮಾಜಲ್ಲಿ ಹಣೆ ನೆಲಕ್ಕಿಟ್ಟು ಒಡೆಯ ಒಬ್ಬನೇ ಅಂತೀಯ. ಎದ್ದು ಬಂದು ಗಲ್ಲಾ ಹಿಂದೆ ನಿಂತ್ರೆ ನೀನೇ ಒಡೆಯ. ಹೆಬ್ರಾನಿನ ಚೆಕ್‌ಪೋಸ್ಟಲ್ಲಿ ಮೀಸೆ ಬರದ ಸೈನಿಕ ಅಪ್ಪನ್ನ ‘ಲೋ ಹುಡುಗಾ’ ಅಂದಾಗ ಅನ್ನ ಬಿಟ್ಟು ಅತ್ತೋನು ನೀನು. ಅವನಿಗೂ ಅದು ರೂಢೀನೇ.”

ನಾಯಿಫ್ ತಲೆ ತಗ್ಗಿಸಿದ. “ತಪ್ಪಾಯ್ತು ಮಿಸ್ ಅರ್ನೆಸ್ಟೀನ್. ಇನ್ನು ಆ ಮಾತು ಆಡಲ್ಲ.”

“ಆಡಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನಾಳೆ ನನಗರ್ಥವಾಗದ ಇನ್ನೊಂದು ಮಾತು ಹುಡುಕ್ಕೊಂಡ್ರೆ?” ಅವಳು ವಿಸಾಲ್‌ಳನ್ನು ನೋಡಿದಳು. “ಈ ಭಾನುವಾರ ಚರ್ಚಿಗೆ ಬಾ. ಮೊದಲು ಆ ಮಾತಿನ ಅರ್ಥ ನಿನ್ನ ಬಾಯಿಂದ ಹೇಳು. ಆಮೇಲೆ ಮಗನ ಕಥೆ. ಬರೋದು ಬಿಡೋದು ನಮ್ಮ ಜನಕ್ಕೆ ಬಿಟ್ಟಿದ್ದು.” ಅಷ್ಟು ಹೇಳಿ ಹೊರಟುಹೋದಳು.

ಓದುವ ಅಣ್ಣ ಅಕ್ಕಂದಿರೇ, ಪೋಸ್ಟರ್ ಅಂಟಿಸುವುದು ಸುಲಭ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಎದುರಿನವರಿಗೆ ತಿಳಿಯುವುದಿಲ್ಲವೆಂದು ಆಡುವ ಮಾತು ಯಾವುದು? ಇವತ್ತೇ ಬಿಡಿ. ಯಾರನ್ನು ಅಂದಿರೋ ಅವರೆದುರೇ ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಜೊತೆಗಾರರು ಕೈತಪ್ಪಿಯಾರು. ಮುಚ್ಚಿಟ್ಟರೆ ಆ ಜೊತೆಯೇ ಸುಳ್ಳು. ವಿಸಾಲ್‌ಗೂ ಆ ಭಯ ಇತ್ತು.

ಅರ್ನೆಸ್ಟೀನ್ ಹಿಂದೆ ಬಾಗಿಲು ಮುಚ್ಚಿಕೊಂಡ ಕೂಡಲೇ ನಾಯಿಫ್ ಅಕ್ಕನ ತೋಳು ಹಿಡಿದಿದ್ದ.

“ಹೋಗ್ಬೇಡ ಅಕ್ಕಾ. ಅರ್ಥ ಕೇಳಿದ್ಮೇಲೆ ಒಬ್ರೂ ಬರಲ್ಲ. ನಿನ್ನ ಮಗನ ಗತಿ ಏನು? ಶನಿವಾರ ಮುಗಿಯೋವರ್ಗೂ ಬಾಯಿ ಮುಚ್ಕೊಂಡಿರು. ನಿನ್ನ ಕೈಗೆ ಮುತ್ತಿಟ್ಟು ಬೇಡ್ಕೋತೀನಿ.”

ವಿಸಾಲ್ ತೋಳು ಬಿಡಿಸಿಕೊಂಡಳು.

“ಬಾಯಿ ಮುಚ್ಚಲ್ಲ ಕಣೋ. ಭಾನುವಾರ ಹೋಗಿ ಹೇಳೇ ಹೇಳ್ತೀನಿ.”