ಪಕ್ಕದ ಸೀಟಿನ ಕುಳಿ

ಸತ್ತವರ ಜೊತೆ ಪೈಪೋಟಿಗೆ ನಿಂತು ಗೆದ್ದವರಿಲ್ಲ. ಬದುಕಿರುವ ಸವತಿಯಾದರೆ ಒಂದಲ್ಲ ಒಂದು ದಿನ ಅಡುಗೆಗೆ ಉಪ್ಪು ಹೆಚ್ಚು ಹಾಕುತ್ತಾಳೆ, ಗಂಡನ ಮೇಲೆ ರೇಗುತ್ತಾಳೆ, ಮುಖದಲ್ಲಿ ಸುಕ್ಕು ಬೀಳುತ್ತದೆ. ಸತ್ತವಳಿಗೆ ಇದಾವುದರ ಕಾಟವೂ ಇಲ್ಲ. ನನ್ನ ಗಂಡನ ಮೊದಲ ಹೆಂಡತಿ ಯಾವುದೋ ಜ್ವರಕ್ಕೆ ಹೋದವಳು, ಗೋಡೆಯ ಫೋಟೋದಲ್ಲಿ ಅದೇ ಹರೆಯಕ್ಕೆ ನಿಂತುಬಿಟ್ಟಿದ್ದಾಳೆ. ನಾನು ಮಾತ್ರ ವರ್ಷ ವರ್ಷ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದೇನೆ.

ಫೋಟೋವನ್ನಾದರೂ ಸಹಿಸಿಕೊಂಡೆ. ಸಹಿಸಲಾಗದೇ ಇದ್ದದ್ದು ಮನೆ ಹಿಂದಿನ ಶೆಡ್ಡಿನಲ್ಲಿದ್ದ ಕಾರು. ಎರಡೇ ಸೀಟಿನ, ಮೇಲ್ಛಾವಣಿ ಮಡಚಿಡುವ, ಉದ್ದ ಮೂತಿಯ ಹಳೇ ಸ್ಪೋರ್ಟ್ಸ್ ಕಾರು. ನನಗಿಂತ ವಯಸ್ಸಿನಲ್ಲಿ ದೊಡ್ಡದು. ಮೆಕ್ಯಾನಿಕ್ ಆಗಾಗ ಬಂದು ಎಂಜಿನ್ ಚಾಲೂ ಮಾಡಿ ನೋಡಿ ಹೋಗುತ್ತಿದ್ದ, ಆದರೆ ಅವಳು ಹೋದ ಮೇಲೆ ಅದು ರಸ್ತೆಗೆ ಇಳಿದಿರಲಿಲ್ಲ. ಭಾನುವಾರ ಬಂತೆಂದರೆ ನನ್ನ ಗಂಡ ಒಂದು ಬಟ್ಟೆಚೂರು ಹಿಡಿದು, "ಕಾರು ಒರೆಸಿ ಬರ್ತೀನಿ" ಎಂದು ಶೆಡ್ಡಿಗೆ ಹೋಗುತ್ತಿದ್ದರು. ನಾನು ದರ್ಜಿ. ಒಂದು ಕೋಟಿಗೆ ಎರಡೂ ತೋಳು ಜೋಡಿಸಿ ಮುಗಿಸಿದರೂ ಅವರ ಒರೆಸಾಟ ಮುಗಿಯುತ್ತಿರಲಿಲ್ಲ.

ಉರಿಯುವ ಒಲೆಗೆ ಸೌದೆ ಹಾಕಲು ನನ್ನ ನಾದಿನಿ ಇದ್ದಳು. "ಅಣ್ಣ, ಅತ್ತಿಗೆ ಇಬ್ರೂ ಆ ಕಾರಲ್ಲಿ ಹೊರಟ್ರೆ ಬೀದೀಲಿ ಜನ ನಿಂತು ನೋಡೋರು" ಎನ್ನುವಳು. ನಾನೂ ಅವಳಿಗೆ ಅತ್ತಿಗೆಯೇ. ಆದರೆ ಅವಳ ಬಾಯಲ್ಲಿ ಬರೀ ಅತ್ತಿಗೆ ಎಂದರೆ ಆ ಫೋಟೋದವಳು. ನಾನು 'ಹೊಸ ಅತ್ತಿಗೆ'. ಮದುವೆಯಾಗಿ ಏಳು ವರ್ಷವಾದರೂ ಹೊಸಬಳೇ. ಚಪ್ಪಲಿ ಕೂಡ ಇಷ್ಟು ದಿನ ಹೊಸದಾಗಿರುವುದಿಲ್ಲ.

ಮದುವೆಯಾದ ಹೊಸದರಲ್ಲೇ ಒಂದು ದಿನ ಯಾರಿಗೂ ತಿಳಿಯದಂತೆ ಆ ಕಾರಿನ ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೆ. ಕೂತದ್ದೇ ತಡ, ಕುಳಿಯೊಳಗೆ ಇಳಿದುಹೋದೆ. ಯಾರೋ ನನಗಿಂತ ಮೊದಲೇ ಕೂತಿದ್ದಾರೆ, ಎದ್ದು ಜಾಗ ಬಿಡುವ ಮನಸ್ಸು ಅವರಿಗಿಲ್ಲ ಎನ್ನಿಸುವಂಥ ಕುಳಿ ಅದು. ಎತ್ತ ಸರಿದರೂ ನನ್ನ ಮೈಗೆ ಹೊಂದಲಿಲ್ಲ. ಅವಳ ಸೊಂಟ ಇಷ್ಟೊಂದು ಅಗಲವಿತ್ತೇ ಎಂದು ಒಂದು ಗಳಿಗೆ ಸಮಾಧಾನವಾಯಿತು ನಿಜ. ಆದರೆ ಅಂದಿನಿಂದ ಆ ಕುಳಿ ನನ್ನ ಎದೆಯ ಮೇಲೇ ಕೂತುಬಿಟ್ಟಿತು. ಗಂಡನ ಪಕ್ಕ ನನ್ನ ಜಾಗದಲ್ಲಿ ಅವಳಿದ್ದಾಳೆ. ಅವಳನ್ನು ಎಬ್ಬಿಸಬೇಕು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಈ ವರ್ಷ ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ, "ಆ ಕಾರಿನ ಸೀಟು, ಒಳಗಿನ ಬಟ್ಟೆ, ಕಾರ್ಪೆಟ್ಟು ಎಲ್ಲಾ ಹಾಳಾಗಿದೆ. ಹೊಸದು ಹಾಕಿಸೋಣ. ಒಳ್ಳೇ ಕಾರು, ಪಾಪ" ಎಂದೆ. ಆ 'ಪಾಪ' ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, "ಆಯ್ತು. ಪಕ್ಕದ ಸೀಟು ನಿನ್ನ ಅಳತೆಗೆ ಮಾಡಿಸ್ಕೋ. ಓಡಿಸೋ ಸೀಟು ಮಾತ್ರ ಮುಟ್ಟೋದು ಬೇಡ" ಎಂದರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗಂಡಸರಿಗೆ ತಾವು ಕೂತ ಜಾಗದ ಮೇಲೆ ಮೋಹ. ಇಟ್ಟುಕೊಳ್ಳಲಿ ಬಿಡು, ನನಗೆ ಬೇಕಾದ್ದು ಸಿಕ್ಕಿತಲ್ಲ ಎಂದುಕೊಂಡೆ.

ನಮ್ಮ ಬೀದಿಯ ಕೊನೆಯಲ್ಲಿ ಸೀಟು ಹೊಲಿಯುವವನ ಅಂಗಡಿ. ಬಾಯಲ್ಲಿ ಸದಾ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾನೆಂದು ಎಲ್ಲರೂ ಅವನನ್ನು ಗುಂಡುಸೂಜಿ ಎನ್ನುತ್ತಾರೆ. ಹಳೇ ಅಂಟು, ತೊಗಲು, ಸ್ಪಂಜಿನ ಪುಡಿಯ ವಾಸನೆ ಅಲ್ಲಿ ಗೋಡೆಗೇ ಹತ್ತಿಕೊಂಡಿದೆ. ಹೊದಿಕೆಯ ಹೊಲಿಗೆ ನಾನೇ ಹಾಕುತ್ತೇನೆಂದು ಹಟ ಹಿಡಿದು ಹೋಗಿದ್ದೆ. ನನ್ನ ಸೀಟಿಗೆ ನನ್ನ ದಾರವೇ ಬೀಳಬೇಕು.

ಕಾರ್ಪೆಟ್ಟು ತೆಗೆಯಲೆಂದು ಗುಂಡುಸೂಜಿ ಎರಡು ಸೀಟನ್ನೂ ಬಿಚ್ಚಿ ಕೆಳಗಿಟ್ಟಿದ್ದ. "ಅಕ್ಕಾ, ಒಂದು ಹೊಸದು ಮಾಡಿ ಒಂದು ಹಾಗೇ ಬಿಟ್ರೆ, ಒಂದು ಕಾಲಿಗೆ ಬೂಟು ಇನ್ನೊಂದು ಕಾಲಿಗೆ ಹವಾಯಿ ಚಪ್ಪಲಿ ಹಾಕ್ಕೊಂಡಂಗೆ ಇರತ್ತೆ" ಎಂದು ಗೊಣಗಿದ. "ಅವರ ಸೀಟು ಅವರಿಷ್ಟ. ನೀನು ನನ್ನದು ಬಿಚ್ಚು" ಎಂದೆ.

ಹೊಲಿಗೆ ಕತ್ತರಿಸಿ, ಹಳೇ ತೊಗಲಿನ ತುಂಡುಗಳನ್ನು ಮೇಜಿನ ಮೇಲೆ ಹರಡಿದ. ಅದರ ಮೇಲೆ ಹೊಸ ತೊಗಲಿಟ್ಟು ಗುರುತು ಹಾಕಿಕೊಳ್ಳಬೇಕು. ನಾನು ಸೀಮೆಸುಣ್ಣ ಹಿಡಿದು ಬಾಗಿದೆ. ಬಾಗಿದವಳು ಹಾಗೇ ನಿಂತೆ.

ಕೂರುವ ಭಾಗದ ತುಂಡಿನಲ್ಲಿ, ಬಲಗಡೆ ಹಿಂದಿನ ಮೂಲೆಯಲ್ಲಿ, ತೊಗಲು ಸವೆದು ತೂತಾಗಿತ್ತು. ದೊಡ್ಡದೊಂದು ತೂತು, ಅದರ ಮಗ್ಗುಲಲ್ಲಿ ಎರಡು ಸಣ್ಣವು. ನನ್ನ ಗಂಡನದು ಔಷಧಿ ಅಂಗಡಿ. ಶಟರಿನ ಬೀಗದ ಕೈ ಗೊಂಚಲನ್ನು ಪ್ಯಾಂಟಿನ ಬಲಗಡೆ ಹಿಂಜೇಬಿನಲ್ಲಿ ತುರುಕಿಕೊಂಡೇ ಕೂರುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ಅವರ ಒಂದೊಂದು ಪ್ಯಾಂಟಿಗೂ ಇದೇ ಜಾಗದಲ್ಲಿ, ಇದೇ ಆಕಾರದ ತೂತಿಗೆ ನಾನು ತೇಪೆ ಹಾಕುತ್ತಲೇ ಬಂದಿದ್ದೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಮೂಲೆಯಲ್ಲಿದ್ದ ಇನ್ನೊಂದು ಸೀಟಿನತ್ತ ತಿರುಗಿದೆ. ಓಡಿಸುವವರ ಸೀಟು. ಅದರ ಮೇಲೆ, ಕೂರುವವರ ಎತ್ತರ ಹೆಚ್ಚಿಸಲು, ಅದೇ ತೊಗಲಿನ ಒಂದು ಪುಟ್ಟ ದಿಂಬು ಕಟ್ಟಿತ್ತು. ನನ್ನ ಗಂಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವ ಆಳು.

"ಈ ಸೀಟು ಹಿಂದಕ್ಕೆ ಸರಿಯತ್ತಾ?" ಎಂದು ಕೇಳಿದೆ.

"ಎಲ್ಲಿ ಸರಿಯತ್ತೆ ಅಕ್ಕಾ? ಪೂರ್ತಿ ಮುಂದೆ ಎಳೆದು ಬಿಟ್ಟಿದಾರೆ, ಅಲ್ಲೇ ತುಕ್ಕು ಹಿಡಿದಿತ್ತು. ಆಯಮ್ಮ ಸ್ವಲ್ಪ ಕುಳ್ಳಿ. ಆದ್ರೆ ಓಡಿಸೋದು ನೋಡ್ಬೇಕಿತ್ತು ನೀವು!" ಎಂದು ಪಿನ್ನುಗಳ ನಡುವೆಯೇ ನಕ್ಕ.

ಏಳು ವರ್ಷ ನಾನು ನನ್ನ ಗಂಡನ ಸೊಂಟದ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಕಾರು ಅವಳೇ ಓಡಿಸ್ತಿದ್ದಳಾ?"

"ಹೂಂ. ಅವಳದ್ದೇ ಕಾರು. ನಂಗಾಗ ಗೇರ್ ಹಾಕೋಕೂ ಬರ್ತಿರ್ಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರ್ತಿದ್ದೆ."

"ಭಾನುವಾರ?"

"ಭಾನುವಾರಾನೂ ಅಲ್ಲೇ ಕೂತಿರ್ತೀನಿ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಲೇ ಇಲ್ವಲ್ಲ."

ಕೇಳಿರಲಿಲ್ಲ, ನಿಜ. ಹೊಟ್ಟೆಕಿಚ್ಚಿನವರು ಕೇಳುವುದಿಲ್ಲ, ಅವರಿಗೆ ಎಲ್ಲಾ ಮೊದಲೇ ಗೊತ್ತಿರುತ್ತದೆ.

"ಪಕ್ಕದ ಸೀಟು ನನ್ನ ಅಳತೆಗೆ ಮಾಡಿಸಿದ್ರೆ, ನೀವೆಲ್ಲಿ ಕೂರ್ತೀರಿ?" ಎಂದೆ. ಅವರು ತಟ್ಟೆಯ ಅಂಚನ್ನು ಬೆರಳಲ್ಲಿ ಒರೆಸುತ್ತಾ ಕೂತರು. ಆಗ ನನಗೆ ತಿಳಿಯಿತು: ನನಗೆ ಬಿಟ್ಟುಕೊಟ್ಟದ್ದು ಅವರ ಸ್ವಂತ ಜಾಗವನ್ನು. ಅವಳ ಜಾಗವನ್ನಲ್ಲ. ಅದನ್ನು ಮುಟ್ಟಬೇಡವೆಂದಿದ್ದರಲ್ಲ.

ಪಕ್ಕದಲ್ಲಿ ಕೂತವಳ ಮೇಲೆ ಉರಿಯುವುದು ಸುಲಭ. ನನ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲಾ ಸುತ್ತಿದವಳ ಮೇಲೆ ಹೇಗೆ ಉರಿಯಬೇಕೆಂದು ನನಗೆ ಅಭ್ಯಾಸವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅದೂ ಚೆನ್ನಾಗಿ ಬಂತು.

ಎದ್ದವಳೇ ಅವರೆದುರು ನಿಂತು ಹೇಳಿದೆ. "ಪಕ್ಕದ ಸೀಟು ನಿಮ್ಮ ಅಳತೆಗೇ ಇರಲಿ. ಓಡಿಸೋ ಸೀಟು ನಂದು. ಔಷಧಿ ಅಂಗಡಿ ವ್ಯಾನು ದಿನಾ ನಾನೇ ಓಡಿಸ್ತಿಲ್ವಾ, ಇದನ್ನೂ ಓಡಿಸ್ತೀನಿ. ಬೇಡ ಅನ್ನೋದಾದ್ರೆ ಈಗಲೇ ಅನ್ನಿ."

ಅವರು ಬೀಗದ ಕೈ ಗೊಂಚಲನ್ನು ಹಿಂಜೇಬಿಗೆ ತುರುಕಿಕೊಂಡರು. ಬೇಡ ಎಂದಿದ್ದರೆ ನಾನು ಆ ಮನೆಯಲ್ಲಿ ಸಾಯುವ ತನಕ ಹೊಸ ಅತ್ತಿಗೆಯೇ. ಕೊನೆಗೆ, "ಹಾಗೇ ಮಾಡು" ಎಂದು ಅಂಗಡಿಗೆ ಹೋದರು.

ಗುಂಡುಸೂಜಿಗೆ ಹುರುಪು ಬಂತು. ಎರಡು ಸೀಟಿಗೂ ಹೊಸ ಸ್ಪಂಜು, ಕಂದು ಬಣ್ಣದ ತೊಗಲು, ಬಾಗಿಲಿಗೆ ಅದರದ್ದೇ ಹೊದಿಕೆ, ನೆಲಕ್ಕೆ ದಪ್ಪ ಕಾರ್ಪೆಟ್ಟು. ಓಡಿಸುವ ಸೀಟಿನ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಹಿಂದೆ ಮುಂದೆ ಸರಿಯುವಂತೆ ಮಾಡಿದ. ಪಕ್ಕದ ಸೀಟಿನ ಬಲಮೂಲೆಗೆ ಒಳಗಡೆಯಿಂದ ನಾನು ಇನ್ನೊಂದು ಪದರ ತೊಗಲು ಕೊಟ್ಟು ಹೊಲಿದೆ, ಬೀಗದ ಕೈ ಬುದ್ಧಿ ಕಲಿಯುವಂಥದ್ದಲ್ಲ. "ನಿಮ್ಮ ಸೀಟಿಗೆ ಎತ್ತರ ಸಾಲದು ಅಕ್ಕಾ, ಆ ದಿಂಬು ಇಟ್ಕೊಳಿ" ಎಂದ ಗುಂಡುಸೂಜಿ. "ಅದನ್ನ ಒಲೆಗೆ ಹಾಕು" ಎಂದೆ.

ಕಾರು ಮನೆಗೆ ಬಂದ ದಿನ ನಾದಿನಿಯೂ ಗೇಟಿನ ಹತ್ತಿರ ಬಂದು ನಿಂತಿದ್ದಳು. ನಾನು ರಾಣಿಯಂತೆ ಹೋಗಿ ಕೂತೆ. ನನ್ನ ಗಂಡ, ಯಾರೂ ಕರೆಯದೆಯೇ, ಆಚೆಯ ಬಾಗಿಲು ತೆಗೆದು ಒಳಗೆ ಬಂದರು. ಸೊಂಟ ಒಂದಿಷ್ಟು ಓರೆ ಮಾಡಿ, ಬೀಗದ ಕೈಗೆ ಜಾಗ ಮಾಡಿಕೊಟ್ಟು, ತಲೆ ಹಿಂದಕ್ಕೆ ಆನಿಸಿದರು. ಮುಖ ಸಡಿಲಾಯಿತು. ಏಳು ವರ್ಷದಲ್ಲಿ ನಾನು ಆ ಮುಖವನ್ನು ಕಂಡೇ ಇರಲಿಲ್ಲ. ಅವಳು ದಿನಾ ಕಂಡಿದ್ದಳು. ಹೊಟ್ಟೆ ಧಗಧಗ ಉರಿಯಿತು.

ಎದುರು ನೋಡಿದರೆ ಬರೀ ಬಾನೆಟ್ಟು. ರಸ್ತೆಯೇ ಇಲ್ಲ. ಕತ್ತು ಚಾಚಿದೆ, ಬೆನ್ನು ನೆಟ್ಟಗೆ ಮಾಡಿದೆ, ಆಕಾಶ ಚೆನ್ನಾಗಿ ಕಂಡಿತು. ನಾದಿನಿಯ ಕಣ್ಣು ನನ್ನ ಮೇಲೇ ಇತ್ತು.

ಅವರು ಸೀಟಿನ ಹಿಂದೆ ಕೈ ಹಾಕಿ ಏನನ್ನೋ ತೆಗೆದರು. ಆ ಪುಟ್ಟ ದಿಂಬು. ಅದಕ್ಕೂ ಹೊಸ ಕಂದು ತೊಗಲು ಹೊದಿಸಿತ್ತು. "ಹಾಕ್ಕೋ" ಎಂದರು.

ಎಸೆದುಬಿಡಬೇಕೆನ್ನಿಸಿತು. ನನ್ನನ್ನು ಮದುವೆಯಾದದ್ದೂ ಈ ಅಳತೆ ನೋಡಿಯೇ ಎಂದು ಕೇಳಬೇಕೆನ್ನಿಸಿತು. ಆದರೆ ಉರಿಗೆ ರಸ್ತೆ ಕಾಣುವುದಿಲ್ಲವಲ್ಲ. ಹಲ್ಲು ಕಚ್ಚಿ ದಿಂಬು ಹಾಕಿಕೊಂಡು ಕೂತೆ. ರಸ್ತೆ ಕಂಡಿತು. ಸಿಟ್ಟಿನಲ್ಲೇ ಸೀಟನ್ನು ಮುಂದಕ್ಕೆ ಎಳೆಯತೊಡಗಿದೆ.

"ಅಷ್ಟು ಮುಂದೆ ಬೇಡ" ಎಂದರು, ಕಣ್ಣು ಮುಚ್ಚಿಕೊಂಡೇ. "ಅವಳಿಗೆ ಪೆಡಲ್ ಎಟುಕ್ತಿರ್ಲಿಲ್ಲ. ನಿನ್ನ ಕಾಲು ಉದ್ದ."

ಕೈ ಅಲ್ಲೇ ನಿಂತಿತು. ಇನ್ನೊಂದು ಸಲ ಹೇಳಿ ಎಂದು ಕೇಳಲು ಮಾನ ಬಿಡಲಿಲ್ಲ. ಸೀಟನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳಿದೆ, ನಾದಿನಿಗೆ ಕಾಣುವಂತೆ ಇನ್ನೂ ಒಂದು ಬೆರಳು ಹೆಚ್ಚೇ ತಳ್ಳಿ, ಕ್ಲಚ್ ಒತ್ತಿದೆ.